ಬಾಯಿಯ ಹುಣ್ಣಿಗೂ ವಿಶ್ವವಿದ್ಯಾಲಯಕ್ಕೂ ಏನು ಸಂಬಂಧ?

ಕೆಲವು ವರ್ಷಗಳ ಹಿಂದೆ ದೇವರಾಯನದುರ್ಗದ ತಪ್ಪಲಿನ ಹಳ್ಳಿಯೊಂದರಿಂದ ಒಬ್ಬ ಹೆಂಗಸು ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ವಯಸ್ಸು ಐವತ್ತರ ಆಚೀಚೆ. ಅಡಿಕೆ ಸುಲಿಯುವ ಕಾಲದಲ್ಲಿ ಗುಬ್ಬಿಯ ಕಡೆ ಕೂಲಿಗೆ ಹೋಗುವವರು. ಉಳಿದ ದಿನಗಳಲ್ಲಿ ಒಂದೆಕರೆ ರಾಗಿ ಹೊಲ, ಎರಡು ಸೀಮೆಹಸು. "ಬಾಯಾಗೆ ಹುಣ್ಣಾಗೈತೆ ಸ್ವಾಮಿ, ಖಾರ ತಿನ್ನಕ್ಕಾಗಲ್ಲ" ಎಂದರು. ಹೊರಗೆ ಜ್ವರದ ರೋಗಿಗಳು ಸಾಲಾಗಿ ಕುಳಿತಿದ್ದರು. ನಾನು ಕುರ್ಚಿಯಿಂದ ಏಳದೆಯೇ ನಾಲಿಗೆ ಚಾಚಲು ಹೇಳಿದೆ, ನೋಡಿದೆ, ಬಿ ಕಾಂಪ್ಲೆಕ್ಸ್ ಮಾತ್ರೆಯನ್ನೂ ಹಚ್ಚಿಕೊಳ್ಳಲು ಒಂದು ಮುಲಾಮನ್ನೂ ಬರೆದುಕೊಟ್ಟೆ. ಕೆನ್ನೆ ಸರಿಸಿ ಟಾರ್ಚು ಬಿಟ್ಟು ನೋಡಲಿಲ್ಲ. ಎಲೆ ಅಡಿಕೆಯ ಜೊತೆ ಕಡ್ಡಿಪುಡಿ ಹಾಕುತ್ತೀರಾ ಎಂದು ಕೇಳಲಿಲ್ಲ.

ಅದು ಶ್ರಾವಣ ಮಾಸ. ದೀಪಾವಳಿ ಕಳೆದ ಮೇಲೆ ಅವರು ಮತ್ತೆ ಬಂದಾಗ ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ಕೆಳದವಡೆಯ ಪಕ್ಕದ ಕೆನ್ನೆಯಲ್ಲಿ ಹುಣ್ಣು ಗಟ್ಟಿಯಾಗಿ ಬೇರೂರಿತ್ತು. ಕತ್ತಿನಲ್ಲಿ ಗೋಲಿಯಷ್ಟು ದಪ್ಪದ ಗಂಟು ಕೈಗೆ ಸಿಕ್ಕಿತು. ಬೆಂಗಳೂರಿಗೆ ಕಳುಹಿಸಿದೆ. ಶಸ್ತ್ರಚಿಕಿತ್ಸೆಯಾಯಿತು, ಅರ್ಧ ದವಡೆ ಹೋಯಿತು. ಆಮೇಲೆ ವಾರಕ್ಕೆ ಐದು ದಿನದಂತೆ ಆರು ವಾರ ವಿಕಿರಣ ಚಿಕಿತ್ಸೆ, ನಮ್ಮ ಜನ "ಕರೆಂಟ್ ಕೊಡಿಸೋದು" ಎನ್ನುತ್ತಾರಲ್ಲ, ಅದು. ಚಿಕಿತ್ಸೆಯ ಖರ್ಚನ್ನು ಸರ್ಕಾರದ ಯೋಜನೆ ನೋಡಿಕೊಂಡಿತು. ಆದರೆ ಬಸ್ಸಿನ ಖರ್ಚು, ಊಟದ ಖರ್ಚು, ಜೊತೆಗಿದ್ದ ಗಂಡನ ಕೂಲಿ ನಷ್ಟ ಯಾವ ಯೋಜನೆಗೂ ಸೇರಲಿಲ್ಲ. ಎರಡೂ ಸೀಮೆಹಸು ಮಾರಾಟವಾದವು.

ವಾಪಸು ಬಂದ ಮೇಲೆ ಅವರು ನನ್ನನ್ನು ಒಂದು ಪ್ರಶ್ನೆ ಕೇಳಿದರು. ಸಿಟ್ಟಿನಿಂದಲ್ಲ, ತಿಳಿದುಕೊಳ್ಳುವುದಕ್ಕಾಗಿ. "ಅವತ್ತೇ ನೋಡಿದ್ರೆ ಇಷ್ಟೊಂದು ಆಗ್ತಿರಲಿಲ್ವಾ ಸ್ವಾಮಿ?"

ಆಗುತ್ತಿರಲಿಲ್ಲ ಎಂಬುದೇ ಸತ್ಯ. ಈ ವಾರದ ಲೇಖನ ಆ ಪ್ರಶ್ನೆಗೆ ನಾನು ಕೊಡಬೇಕಾದ ಉತ್ತರ.

ಕಲಿತದ್ದು, ಕಲಿಯದೇ ಉಳಿದದ್ದು

ನಾನು ಎಂ.ಬಿ.ಬಿ.ಎಸ್. ಓದುವಾಗ ಬಾಯಿ ಕ್ಯಾನ್ಸರಿನ ಬಗ್ಗೆ ಪುಟಗಟ್ಟಲೆ ಬರೆದು ಪಾಸಾದವನು. ಅದರ ಹಂತಗಳು, ಸೂಕ್ಷ್ಮದರ್ಶಕದ ಕೆಳಗೆ ಕಾಣುವ ಜೀವಕೋಶಗಳ ಆಕಾರ, ಎಲ್ಲವೂ ಬಾಯಿಪಾಠ. ಆದರೆ ಹಳ್ಳಿಯ ಜಗಲಿಯ ಮೇಲೆ ಕುಳಿತ ಒಬ್ಬ ರೈತನ ಬಾಯನ್ನು ಎರಡು ನಿಮಿಷ ಕ್ರಮವಾಗಿ ನೋಡುವುದು ಹೇಗೆಂದು ನನ್ನ ಕೈಯಲ್ಲಿ ಟಾರ್ಚು ಕೊಟ್ಟು ಯಾರೂ ಮಾಡಿಸಿರಲಿಲ್ಲ. ಇದು ನನ್ನ ತಪ್ಪಿಗೆ ಸಮರ್ಥನೆಯಲ್ಲ. ಆದರೆ ನನ್ನಂಥ ವೈದ್ಯರು ನಾಡಿನ ತುಂಬ ಇದ್ದಾರೆ ಎಂಬುದನ್ನು ಓದುಗರು ತಿಳಿಯಬೇಕು.

ಎರಡು ವಿಶ್ವವಿದ್ಯಾಲಯಗಳು, ಅಥವಾ ಒಂದು ವಿಶ್ವವಿದ್ಯಾಲಯ ಮತ್ತು ಒಂದು ಆಸ್ಪತ್ರೆ, ಕ್ಯಾನ್ಸರ್ ಸಂಶೋಧನೆಗಾಗಿ ಒಡಂಬಡಿಕೆಗೆ ಸಹಿ ಹಾಕಿದ ಸುದ್ದಿಯನ್ನು ಫೋಟೋ ಸಮೇತ ನೀವು ಪತ್ರಿಕೆಯಲ್ಲಿ ಓದಿರುತ್ತೀರಿ. ಶಾಲು, ಹಾರ, ಹಸ್ತಲಾಘವ. "ಇದರಿಂದ ನಮಗೇನು?" ಎಂದು ಪುಟ ತಿರುಗಿಸಿರುತ್ತೀರಿ. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಪುಟ ತಿರುಗಿಸಬೇಡಿ. ಇಂಥ ಸಹಯೋಗಗಳು ನಮ್ಮ ದೇಶದಲ್ಲೇ ಬಹು ದೊಡ್ಡ ಸಂಗತಿಯೊಂದನ್ನು ಕಂಡುಹಿಡಿದಿವೆ. ಅದು ಇನ್ನೂ ನಮ್ಮ ಮನೆಯ ಬಾಗಿಲಿಗೆ ಬಂದಿಲ್ಲ, ಅಷ್ಟೆ.

ತಿರುವನಂತಪುರದಲ್ಲಿ ಕಂಡದ್ದು

1996ರಲ್ಲಿ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೊಡನೆ ಸೇರಿ 13 ಪಂಚಾಯಿತಿಗಳಲ್ಲಿ ಒಂದು ಅಧ್ಯಯನ ಆರಂಭಿಸಿತು. ಒಟ್ಟು ಸುಮಾರು 1 ಲಕ್ಷ 90 ಸಾವಿರ ಜನ, ಎಲ್ಲರೂ 35 ವರ್ಷ ದಾಟಿದವರು. ಕೆಲವು ಪಂಚಾಯಿತಿಗಳಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ನೋಡಿದರು. ಉಳಿದವುಗಳಲ್ಲಿ ಎಂದಿನ ವ್ಯವಸ್ಥೆಯೇ ಮುಂದುವರಿಯಿತು. ಆ ಕಾರ್ಯಕರ್ತರು ಡಾಕ್ಟರರಲ್ಲ. ಬೇರೆ ಬೇರೆ ವಿಷಯಗಳಲ್ಲಿ ಪದವಿ ಪಡೆದ ಸಾಮಾನ್ಯ ಯುವಜನರು. ಕೈಯಲ್ಲಿದ್ದದ್ದು ಬೆಳಕು ಮತ್ತು ಕಲಿತ ಕಣ್ಣು.

2005ರಲ್ಲಿ ಫಲಿತಾಂಶ ಪ್ರಕಟವಾಯಿತು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರ ಪೈಕಿ, ಬಾಯಿ ನೋಡಿಸಿಕೊಂಡ ಪಂಚಾಯಿತಿಗಳಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ಕೋಟಿಗಟ್ಟಲೆ ಬೆಲೆಯ ಯಂತ್ರದಿಂದಲ್ಲ, ಬಾಯಿ ತೆರೆಸಿ ನೋಡಿದ್ದರಿಂದ!

ಇಂಥದ್ದೇ ಇನ್ನೊಂದು. 1998ರಿಂದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಹಣದ ನೆರವಿನಿಂದ ಅಲ್ಲಿನ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರಲ್ಲಿ ಅಧ್ಯಯನ ನಡೆಸಿದರು. ಹತ್ತನೇ ತರಗತಿ ಓದಿದ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ಗರ್ಭಕೋಶದ ಕೊರಳಿಗೆ ತೆಳು ವಿನೆಗರ್ ಸವರಿ ಬಿಳಿ ಮಚ್ಚೆ ಮೂಡುತ್ತದೆಯೇ ಎಂದು ನೋಡುವುದನ್ನು ಕಲಿಸಿದರು. ಎರಡು ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಿಕೊಂಡ ಗುಂಪಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ಇಳಿಯಿತೆಂದು 2013ರಲ್ಲಿ ವರದಿಯಾಯಿತು. ಅದೇ ಅಧ್ಯಯನದಲ್ಲಿ ಈ ಕಾರ್ಯಕರ್ತೆಯರು ಕೈಯಿಂದ ಸ್ತನ ಪರೀಕ್ಷೆಯನ್ನೂ ಮಾಡುತ್ತಿದ್ದರು. ಐವತ್ತು ದಾಟಿದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ನೂರಕ್ಕೆ 30ರಷ್ಟು ಕಡಿಮೆಯಾದದ್ದು 2021ರಲ್ಲಿ ಪ್ರಕಟವಾಯಿತು.

ಹಾಗಾದರೆ ಇಷ್ಟೆಲ್ಲ ತಿಳಿದ ಮೇಲೆ ದೇಶದಲ್ಲಿ ಏನಾಗಿದೆ? ಮೂವತ್ತು ದಾಟಿದವರೆಲ್ಲರ ಬಾಯಿ, ಸ್ತನ ಮತ್ತು ಗರ್ಭಕೊರಳಿನ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲಿದೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಮೂವತ್ತರಿಂದ ನಲವತ್ತೊಂಬತ್ತರ ವಯಸ್ಸಿನ ಮಹಿಳೆಯರಲ್ಲಿ ಬಾಯಿ ಕ್ಯಾನ್ಸರಿಗಾಗಿ ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ: 0.9. ಗರ್ಭಕೊರಳಿನದು 1.9. ಉತ್ತರ 2005ರಲ್ಲೇ ಸಿಕ್ಕಿದೆ. ಹದಿನೈದು ವರ್ಷ ಕಳೆದರೂ ನೂರರಲ್ಲಿ ತೊಂಬತ್ತೊಂಬತ್ತು ಹೆಂಗಸರ ಬಾಯನ್ನು ಯಾರೂ ನೋಡಿಲ್ಲ. ನನ್ನ ರೋಗಿ ಆ ತೊಂಬತ್ತೊಂಬತ್ತರಲ್ಲಿ ಒಬ್ಬರು.

ಬೆಂಗಳೂರು ದೂರವಿಲ್ಲ, ಆದರೂ ದೂರ

ತುಮಕೂರಿಗೂ ಬೆಂಗಳೂರಿಗೂ 70 ಕಿಲೋಮೀಟರು. ಅಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇದೆ. ನಾಡಿನ ಬಡ ಕ್ಯಾನ್ಸರ್ ರೋಗಿಗಳಿಗೆ ಅದೇ ದೊಡ್ಡ ಆಸರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಯಡಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ಲೆಕ್ಕವನ್ನೂ ಕಿದ್ವಾಯಿ ಇಡುತ್ತ ಬಂದಿದೆ. ಬೆಂಗಳೂರಿನ ಮಹಿಳೆಯರಲ್ಲಿ ಸ್ತನ ಕ್ಯಾನ್ಸರು ಮೊದಲ ಸ್ಥಾನಕ್ಕೇರಿದ್ದು ತಿಳಿದದ್ದು ಈ ಲೆಕ್ಕದಿಂದಲೇ. ಆದರೆ ಆ ಲೆಕ್ಕ ಬೆಂಗಳೂರಿಗರದು. ಪಾವಗಡದ, ಕುಣಿಗಲ್ಲಿನ ಹಳ್ಳಿಗಳ ಕಥೆಯನ್ನು ಬೆಂಗಳೂರಿನ ಅಂಕಿ ನೋಡಿ ಹೇಳಲಾಗದು.

ಬೆಂಗಳೂರಿನಲ್ಲೇ ನಡೆದ ಇನ್ನೊಂದು ಕೆಲಸ ನನಗೆ ಬಹಳ ಹಿಡಿಸಿದೆ. ಕೆ.ಎಲ್.ಇ. ದಂತ ವೈದ್ಯಕೀಯ ಕಾಲೇಜಿನವರು ಮಜುಂದಾರ್ ಷಾ ಕ್ಯಾನ್ಸರ್ ಕೇಂದ್ರದ ತಜ್ಞರೊಡನೆ ಸೇರಿ, ಆರೋಗ್ಯ ಕಾರ್ಯಕರ್ತೆಯರ ಕೈಗೆ ಮೊಬೈಲ್ ಫೋನು ಕೊಟ್ಟು ಜನರ ಬಾಯಿಯ ಫೋಟೋ ತೆಗೆಯುವುದನ್ನು ಕಲಿಸಿದರು. ಫೋಟೋ ನಗರದ ತಜ್ಞರಿಗೆ ಹೋಗುತ್ತದೆ, ಅವರು ನೋಡಿ ಅನುಮಾನವಿದ್ದರೆ ತಿಳಿಸುತ್ತಾರೆ. 2015ರಲ್ಲಿ ಇದರ ವರದಿ ಬಂತು. ಮುಂದೆ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಎಂಜಿನಿಯರುಗಳು ಇವರೊಡನೆ ಸೇರಿಕೊಂಡರು. ಫೋನಿಗೆ ಜೋಡಿಸುವ, ವಿಶೇಷ ಬೆಳಕಿನಲ್ಲಿ ಬಾಯಿಯ ಚಿತ್ರ ತೆಗೆದು, ಅನುಮಾನದ ಮಚ್ಚೆಯನ್ನು ಗಣಕಯಂತ್ರವೇ ಗುರುತಿಸಬಲ್ಲ ಸಾಧನವನ್ನು ರೂಪಿಸಿ 2018ರಲ್ಲಿ ಪ್ರಕಟಿಸಿದರು. ನೋಡಿ, ಅರಿಜೋನಾದವರಿಗೆ ಸಾಧನ ಮಾಡುವುದು ಗೊತ್ತು, ಎಲೆ ಅಡಿಕೆ ಹಾಕುವವರ ಬಾಯಿ ಗೊತ್ತಿಲ್ಲ. ನಮ್ಮವರಿಗೆ ಬಾಯಿ ಗೊತ್ತು. ಇಬ್ಬರೂ ಸೇರಿದಾಗ ಮಾತ್ರ ಕೆಲಸವಾಯಿತು. ಸಹಯೋಗ ಎಂದರೆ ಇದು.

ಒಂದು ಎಚ್ಚರಿಕೆ

ಹಾಗೆಂದು ಸಹಯೋಗ ಎಂದೊಡನೆ ಕೈ ಮುಗಿಯಬೇಕಿಲ್ಲ. ಮುಂಬಯಿಯ ಆ ಅಧ್ಯಯನವೂ, ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ ಮತ್ತು ತಮಿಳುನಾಡಿನಲ್ಲಿ ವಿದೇಶಿ ನೆರವಿನಿಂದ ನಡೆದ ಅಂಥದ್ದೇ ಅಧ್ಯಯನಗಳೂ ಒಂದು ಕಹಿ ಪ್ರಶ್ನೆಯನ್ನು ಉಳಿಸಿವೆ. ಹೋಲಿಕೆಗಾಗಿ, ತಪಾಸಣೆ ಮಾಡದೆ ಬಿಟ್ಟಿದ್ದ ಸುಮಾರು 1 ಲಕ್ಷ 38 ಸಾವಿರ ಮಹಿಳೆಯರಲ್ಲಿ 254 ಮಂದಿ ಗರ್ಭಕೊರಳಿನ ಕ್ಯಾನ್ಸರಿನಿಂದ ಸತ್ತರು. ತಪಾಸಣೆಯಿಂದ ಜೀವ ಉಳಿಯುತ್ತದೆಂದು ಬೇರೆ ದೇಶಗಳಲ್ಲಿ ಆಗಲೇ ಗೊತ್ತಿತ್ತಲ್ಲ, ಇವರನ್ನೇಕೆ ಬಿಟ್ಟಿರಿ ಎಂದು ವಿಮರ್ಶಕರು ಕೇಳಿದರು. ಆ ಕಾಲಕ್ಕೆ ಭಾರತದಲ್ಲಿ ತಪಾಸಣೆ ಇಲ್ಲದಿರುವುದೇ ರೂಢಿಯಾಗಿತ್ತು, ನಮ್ಮ ಬಡ ದೇಶಕ್ಕೆ ಹೊಂದುವ ವಿಧಾನವನ್ನು ಸಾಬೀತುಪಡಿಸಬೇಕಿತ್ತು ಎಂದು ಸಂಶೋಧಕರು ಉತ್ತರಿಸಿದರು. ಎರಡೂ ಕಡೆಯ ಮಾತಿನಲ್ಲಿ ತೂಕವಿದೆ. ಆದರೆ ನನಗನಿಸುವುದಿಷ್ಟು: ಆ 254 ಹೆಂಗಸರ ಸಾಲ ನಮ್ಮೆಲ್ಲರ ಮೇಲಿದೆ. ಆ ಅಧ್ಯಯನಗಳಿಂದ ಗೊತ್ತಾದದ್ದನ್ನು ಊರೂರಿಗೆ ಮುಟ್ಟಿಸದೆ ಇದ್ದರೆ ಸಾಲ ತೀರಿಸದೆ ಕುಳಿತಂತೆ.

ತುಮಕೂರಿನಲ್ಲಿ ಏನಾಗಬೇಕು?

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. 1988ರಿಂದ ವೈದ್ಯಕೀಯ ಕಾಲೇಜಿದೆ. ಈಗ ಒಂದಕ್ಕಿಂತ ಹೆಚ್ಚು ಇವೆ. ದಂತ ವೈದ್ಯಕೀಯ ಕಾಲೇಜಿದೆ. 2004ರಲ್ಲಿ ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾಲಯವಿದೆ. ಹತ್ತು ತಾಲ್ಲೂಕುಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಆಶಾ ಕಾರ್ಯಕರ್ತೆಯರೂ ಇದ್ದಾರೆ. ಇವೆಲ್ಲ ಒಂದೊಂದು ಕಡೆ ಒಂದೊಂದಾಗಿ ಇವೆ. ಸೇರಿಸುವವರು ಬೇಕು. ಸಾಮಾನ್ಯ ವೈದ್ಯನಾಗಿ ನನಗೆ ತೋಚಿದ ನಾಲ್ಕು ಮಾತುಗಳನ್ನು ಮುಂದಿಡುತ್ತೇನೆ.

ಮೊದಲನೆಯದು, ವಿದ್ಯಾರ್ಥಿಗಳು. 2021-22ರ ಸಾಲಿನಿಂದ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು ಅವರ ಆರೋಗ್ಯ ಗಮನಿಸಬೇಕೆಂಬ ಪಾಠಕ್ರಮ ಬಂದಿದೆ. ಈ ಭೇಟಿಗಳಲ್ಲಿ ರಕ್ತದೊತ್ತಡ ನೋಡುವಂತೆ ಬಾಯಿಯನ್ನೂ ನೋಡಲಿ. ನಾಲ್ಕೂವರೆ ವರ್ಷ ಮುಗಿಯುವಷ್ಟರಲ್ಲಿ ಪ್ರತಿ ವಿದ್ಯಾರ್ಥಿಯ ಕಣ್ಣು ನೂರಾರು ಬಾಯಿಗಳನ್ನು ಕಂಡಿರುತ್ತದೆ. ಅವರು ನನ್ನ ಹಾಗೆ ಕುರ್ಚಿಯಲ್ಲೇ ಕುಳಿತು ಮುಲಾಮು ಬರೆಯುವುದಿಲ್ಲ.

ಎರಡನೆಯದು, ಈಗಾಗಲೇ ವೃತ್ತಿಯಲ್ಲಿರುವ ನಾವು. ದಂತ ಕಾಲೇಜಿನವರೂ ಬೆಂಗಳೂರಿನ ತಜ್ಞರೂ ಸೇರಿ ತಾಲ್ಲೂಕಿಗೊಂದು ದಿನ ನಮಗೆ ತರಬೇತಿ ಕೊಡಲಿ. ಆಶಾ ಕಾರ್ಯಕರ್ತೆಯರು, ನರ್ಸುಗಳು ನಮ್ಮ ಜೊತೆಯಲ್ಲೇ ಕೂತು ಕಲಿಯಲಿ. ಅನುಮಾನದ ಫೋಟೋ ಕಳುಹಿಸಿದರೆ ಒಂದು ವಾರದೊಳಗೆ ಉತ್ತರ ಬರುವ ಏರ್ಪಾಡಿರಲಿ.

ಮೂರನೆಯದು, ಲೆಕ್ಕ. ನಮ್ಮ ವಿಜಯಪುರ, ಕಲಬುರಗಿಗಳ ನೆರೆಯ ಸೊಲ್ಲಾಪುರ ಜಿಲ್ಲೆಯ ಬಾರ್ಶಿ ಎಂಬ ಊರಿನಲ್ಲಿ 1987ರಿಂದ ಗ್ರಾಮೀಣ ಕ್ಯಾನ್ಸರ್ ನೋಂದಣಿ ನಡೆದಿದೆ. ಲೆಕ್ಕ ಬರೆಯಲು ಹಳ್ಳಿ ಸುತ್ತಿದ ಸಿಬ್ಬಂದಿ ಜನರೊಂದಿಗೆ ರೋಗಲಕ್ಷಣಗಳ ಬಗ್ಗೆಯೂ ಮಾತಾಡಿದರು. ಕೆಲವೇ ವರ್ಷಗಳಲ್ಲಿ, ಗರ್ಭಕೊರಳಿನ ಕ್ಯಾನ್ಸರಿನ ಆರಂಭದ ಹಂತದಲ್ಲೇ ಆಸ್ಪತ್ರೆಗೆ ಬರುವ ಹೆಂಗಸರ ಪ್ರಮಾಣ ಹೆಚ್ಚಿತೆಂದು 1995ರಲ್ಲಿ ವರದಿಯಾಯಿತು. ಬರೀ ಮಾತಿನಿಂದ! ನಮ್ಮ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರದ, ಸಮಾಜಕಾರ್ಯದ ವಿದ್ಯಾರ್ಥಿಗಳು ವೈದ್ಯರ ಜೊತೆ ಸೇರಿದರೆ ಇದು ಇಲ್ಲಿಯೂ ಸಾಧ್ಯ.

ನಾಲ್ಕನೆಯದು, ಷರತ್ತು. ಯಾವ ವಿಶ್ವವಿದ್ಯಾಲಯ ಬಂದರೂ ಬರಲಿ, ಎರಡು ಮಾತನ್ನು ಒಡಂಬಡಿಕೆಯಲ್ಲೇ ಬರೆಯಲಿ. ರೋಗ ಪತ್ತೆಯಾದವರಿಗೆ ಚಿಕಿತ್ಸೆ ಸಿಗುವವರೆಗೂ, ಬಸ್ಸಿನ ಖರ್ಚೂ ಸೇರಿದಂತೆ, ಕೈ ಬಿಡುವುದಿಲ್ಲವೆಂದು. ಕಂಡುಕೊಂಡದ್ದನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳುತ್ತೇವೆಂದು. ರೋಗವಿದೆ ಎಂದು ಹೇಳಿ ದಾರಿ ತೋರಿಸದೆ ಹೋಗುವುದು ತಪಾಸಣೆಯಲ್ಲ, ಹಿಂಸೆ.

ಅಡಿಕೆಯ ಮಾತು

ನಮ್ಮ ಜಿಲ್ಲೆಯಲ್ಲಿ ಈ ಮಾತೆತ್ತುವುದು ಕಷ್ಟ. ಆದರೂ ಹೇಳಲೇಬೇಕು. ತಂಬಾಕು ಸೇರಿಸಿದ ಎಲೆ ಅಡಿಕೆ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲೇ ಹೇಳಿತ್ತು. 2004ರಲ್ಲಿ, ತಂಬಾಕಿಲ್ಲದೆ ಅಡಿಕೆ ಅಗಿದರೂ ಅಪಾಯವೆಂದು ಹೇಳಿತು. ಸದಾ ಅಡಿಕೆ ಅಗಿಯುವವರಲ್ಲಿ ಕೆನ್ನೆಯ ಒಳಪದರ ಬಿಳುಪೇರಿ ಬಿಗಿಯುತ್ತ, ಬಾಯಿ ತೆರೆಯುವುದೇ ಕಷ್ಟವಾಗುವ ತೊಂದರೆಯನ್ನು ನಾವು ದಿನಾ ನೋಡುತ್ತೇವೆ. ಕ್ಯಾನ್ಸರಿಗೆ ಅದು ಮುನ್ಸೂಚನೆ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಕೊಂಡು ಅಂಗೈಯಲ್ಲೇ ಬೆರೆಸಿಕೊಳ್ಳುವುದು ಎಲ್ಲರಿಗೂ ಗೊತ್ತು. ಬೆಳೆಗಾರರ ಹೊಟ್ಟೆಯ ಮೇಲೆ ಹೊಡೆಯಬೇಕೆಂದು ನಾನು ಹೇಳುತ್ತಿಲ್ಲ. ತೋಟದಲ್ಲಿ ದುಡಿಯುವವರ ಬಾಯಿಯನ್ನು ವರ್ಷಕ್ಕೊಮ್ಮೆಯಾದರೂ ನೋಡಿಸುವುದು ಬೆಳೆಗಾರರಿಗೂ, ಅವರ ಸಹಕಾರ ಸಂಘಗಳಿಗೂ ಭಾರವಾಗದು.

ಮನೆಯಲ್ಲಿ ಎರಡು ನಿಮಿಷ

ಒಡಂಬಡಿಕೆಗಳು ಆಗುವಾಗ ಆಗಲಿ. ನೀವು ಕಾಯಬೇಡಿ. ಈ ಭಾನುವಾರ ಮನೆಯ ಹಿರಿಯರನ್ನು ಬಿಸಿಲಿಗೆ ಮುಖಮಾಡಿ ಕೂರಿಸಿ, ಇಲ್ಲವೇ ಟಾರ್ಚು ಹಿಡಿಯಿರಿ. ಹಲ್ಲಿನ ಸೆಟ್ಟಿದ್ದರೆ ತೆಗೆಸಿ. ಕೈ ತೊಳೆದು ತುಟಿಗಳ ಒಳಭಾಗ, ಎರಡೂ ಕೆನ್ನೆಗಳ ಒಳಭಾಗ, ವಸಡು, ನಾಲಿಗೆಯ ಮೇಲೆ, ಅಂಚಿನಲ್ಲಿ, ಕೆಳಗೆ, ಕೊನೆಗೆ ಅಂಗುಳ ನೋಡಿ. ಕತ್ತನ್ನು ಎರಡೂ ಕಡೆ ಸವರಿ. ಕೆಳಗಿನವುಗಳಲ್ಲಿ ಯಾವುದಿದ್ದರೂ ವೈದ್ಯರ ಬಳಿ ಹೋಗಿ:

1. ಎರಡು ಮೂರು ವಾರವಾದರೂ ವಾಸಿಯಾಗದ ಹುಣ್ಣು. ನೋವಿಲ್ಲದಿದ್ದರೂ ನಿರ್ಲಕ್ಷಿಸಬೇಡಿ. ಆರಂಭದ ಕ್ಯಾನ್ಸರ್ ಬಹಳ ಸಲ ನೋಯುವುದೇ ಇಲ್ಲ.

2. ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ.

3. ತಮ್ಮದೇ ಮೂರು ಬೆರಳುಗಳನ್ನು ನೇರವಾಗಿ ಇಟ್ಟುಕೊಳ್ಳುವಷ್ಟು ಬಾಯಿ ತೆರೆಯದಿರುವುದು.

4. ಕಾರಣವಿಲ್ಲದೆ ಅಲುಗಾಡುವ ಹಲ್ಲು, ನುಂಗಲು ಕಷ್ಟ, ಹೋಗದ ದನಿ ಬದಲಾವಣೆ.

5. ಕತ್ತಿನಲ್ಲಿ ಗಟ್ಟಿಯಾದ ಗಂಟು.

ವೈದ್ಯರು ಚೂರು ತೆಗೆದು ಪರೀಕ್ಷೆ ಮಾಡಿಸಬೇಕೆಂದರೆ ಹೆದರಬೇಡಿ. ಕತ್ತಿ ತಾಗಿದರೆ ರೋಗ ಹರಡುತ್ತದೆ ಎಂಬ ಮಾತನ್ನು ನಂಬಿ ತಿಂಗಳುಗಟ್ಟಲೆ ತಡಮಾಡಿದವರನ್ನು ನಾನು ಕಂಡಿದ್ದೇನೆ. ಆ ಮಾತು ಸುಳ್ಳು. ಹರಡಲು ಅವಕಾಶ ಕೊಡುವುದು ತಡ. ಮೊದಲ ಹಂತದಲ್ಲೇ ಸಿಕ್ಕಿದರೆ ಹತ್ತರಲ್ಲಿ ಏಳೆಂಟು ಜನ ಗುಣವಾಗುತ್ತಾರೆ, ದವಡೆಯೂ ಉಳಿಯುತ್ತದೆ. ಮತ್ತೆ, ವೈದ್ಯರು ಬಾಯೊಳಗೆ ನೋಡದೆಯೇ ಮಾತ್ರೆ ಬರೆದರೆ, "ಒಂದ್ಸಲ ಟಾರ್ಚು ಬಿಟ್ಟು ನೋಡಿ ಸಾರ್" ಎಂದು ಕೇಳಿ. ಅದು ಅವಿನಯವಲ್ಲ. ನನ್ನನ್ನು ಅಂದು ಯಾರಾದರೂ ಹಾಗೆ ಕೇಳಿದ್ದರೆ ಎಷ್ಟೋ ಚೆನ್ನಾಗಿತ್ತು.

ಆ ತಾಯಿ ಬದುಕಿದ್ದಾರೆ. ಮಾತು ಅಸ್ಪಷ್ಟ. ಮುದ್ದೆ ನುಂಗಲಾಗದು, ಗಂಜಿಯಲ್ಲೇ ದಿನ ಕಳೆಯುತ್ತಾರೆ. ಕಡ್ಡಿಪುಡಿ ಬಿಟ್ಟಿದ್ದಾರೆ. ಸೊಸೆಗೂ ಬಿಡಿಸಿದ್ದಾರೆ. ಫಾಲ್ಗುಣದಲ್ಲಿ ದುರ್ಗದ ರಥೋತ್ಸವಕ್ಕೆ ಸುತ್ತಲ ಹಳ್ಳಿಯ ಸಾವಿರಾರು ಜನ ಬೆಟ್ಟ ಹತ್ತುತ್ತಾರೆ. ಮಜ್ಜಿಗೆ, ಪಾನಕ ಕೊಡುವ ಅರವಟ್ಟಿಗೆಗಳ ಪಕ್ಕದಲ್ಲಿ ಕಾಲೇಜಿನ ಹುಡುಗ ಹುಡುಗಿಯರು ಟಾರ್ಚು ಹಿಡಿದು ಕುಳಿತರೆ ಒಂದೇ ದಿನದಲ್ಲಿ ಎಷ್ಟು ಬಾಯಿ ನೋಡಬಹುದು! ಜಯಮಂಗಲಿ ಹುಟ್ಟುವುದು ಈ ಬೆಟ್ಟದ ಮೇಲೆ. ಆದರೆ ಕೊರಟಗೆರೆ, ಮಧುಗಿರಿಯ ಹೊಲಗಳಿಗೆ ಇಳಿದಾಗಲೇ ಅದರ ನೀರಿಗೆ ಬೆಲೆ. ವಿಶ್ವವಿದ್ಯಾಲಯಗಳ ವಿದ್ಯೆಗೂ ಈ ಮಾತು ಅನ್ವಯಿಸುತ್ತದೆ.